ರೇಡಿಯೊಕ್ಕೊಂದು ನಾಗೇಶಿ ಮೇಳ

— ಕಾಕಾ, ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಎಲ್ಲೆ ಹೋದ್ರೂ ರೇಡಿಯೊ ಕೇಳಾವ್ರಿಗೂ ಬರ ಇಲ್ಲ, ಕೇಳಿ ಬೈಯಾವ್ರಿಗೂ ಬರ ಇಲ್ಲ. ಇಬ್ಬರೂ ಒಂದ ಅಂಗಡ್ಯಾಗ ಸಿಗತಾರ. ಮತ್ತ ರೇಡಿಯೊದ ರಾಜಕೀಯ ಮಾತಿನ ಮ್ಯಾಲ ನೀವು ಹೊಸದಾಗಿ ಹೇಳೂದರ ಏನೈತಿ?

— ಅಂಗಡಿ ಎಂದೆಯಲ್ಲ ತಮ್ಮಾ, ಅಲ್ಲಿಂದಲೇ ಸುರು ಮಾಡೋಣ. ಟೀವಿಗೆ ಕಣ್ಣು ಬೇಕು, ಪತ್ರಿಕೆಗೆ ಕಣ್ಣೂ ಕೈಯೂ ಬೇಕು, ಮೊಬೈಲಿಗಂತೂ ಹೆಬ್ಬೆರಳನ್ನು ಬರೆದುಕೊಟ್ಟುಬಿಡಬೇಕು. ರೇಡಿಯೊ ಕೇಳುವುದು ಕಿವಿಯೊಂದನ್ನೇ. ಆದ್ದರಿಂದ ಅದು ಬಿಡುವಿದ್ದವರಿಗಿಂತ ಕೆಲಸದಲ್ಲಿದ್ದವರಿಗೆ ಹೆಚ್ಚು ಒಗ್ಗಿದ ಯಂತ್ರ. ರಾಮದುರ್ಗ, ಸುರೇಬಾನದ ಕಡೆ ಮಗ್ಗದ ಕುಣಿಯಲ್ಲಿ ಕೂತ ನೇಕಾರನ ಕಣ್ಣು ಹೊಕ್ಕಿನ ಎಳೆಯ ಮೇಲೆ, ಕೈ ಲಾಳಿಯ ಮೇಲೆ, ಕಾಲು ಕುಣಿಯೊಳಗೆ. ಬೈಲಹೊಂಗಲದ ಪತ್ತಾರನ ಉಸಿರು ಕೂಡ ಊದುಗೊಳವೆಗೆ ಮೀಸಲು. ದರ್ಜಿ, ಬಡಿಗ, ಕಮ್ಮಾರ, ಕ್ಷೌರದವರು, ಪಂಕ್ಚರ್ ತಿದ್ದುವವರು, ಎಲ್ಲರಲ್ಲೂ ಖಾಲಿ ಉಳಿಯುವ ಅಂಗ ಕಿವಿ ಮಾತ್ರ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಅಂದಿನಿಂದ ಮುಕ್ಕಾಲು ಶತಮಾನ ಈ ಖಾಲಿ ಕಿವಿಗೆ ಎಷ್ಟು ಭಾಷಣ, ಎಷ್ಟು ಘೋಷಣೆ, ಎಷ್ಟು ಆಶ್ವಾಸನೆ ಬಿದ್ದಿರಬೇಕು ಲೆಕ್ಕ ಹಾಕು. ಕೇಳಿದವನು ಯಾರು? ಅಳತೆ ತಪ್ಪಿದರೆ ಆ ದಿನದ ಕೂಲಿ ಕಳೆದುಕೊಳ್ಳುವ ಮನುಷ್ಯ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಬೇಕು. ಕೆಲವು ಕೊಂಡಿ ಬಿಟ್ಟರೂ ಜೋಡಣೆಯಲ್ಲಿ ಕಿಂಡಿ ಬಿದ್ದು ಸೀರೆ ತನ್ನ ನೇಕಾರನನ್ನು ತಾನೇ ಹಿಡಿದುಕೊಡುತ್ತದೆ. ಅಂಥ ಅಳತೆಯವರ ಕಿವಿಗೆ ದಿನವಿಡೀ ಅಳತೆಯಿಲ್ಲದ ಮಾತು. ನನ್ನ ತಕರಾರು ಇಷ್ಟೇ.

— ಅಳತಿ ಇಲ್ಲದ ಮಾತು ಅಂತ ಹೆಂಗಂತೀರಿ? ನಿಮಿಷ ಎಣಿಸಿ ಮಾತಾಡೂದು ರೇಡಿಯೊದಾಗನ. ಹತ್ತು ನಿಮಿಷದ ವಾರ್ತೆ ಅಂದ್ರ ಹತ್ತ ನಿಮಿಷ, ಹನ್ನೊಂದು ಆಗೂದಿಲ್ಲ. ನಮ್ಮೂರಾಗಿನ ಸತ್ಕಾರ ಸಮಾರಂಭಕ್ಕ ಅದನ್ನೊಂದು ಕಲಿಸಿದ್ರ ಸಾಕಾಗಿತ್ತು.

— ಗಡಿಯಾರದ ಅಳತೆ ಬೇರೆ, ಮಾತಿನ ಅಳತೆ ಬೇರೆ. ಕಸಬಿನವರ ಮಾತನ್ನು ಕಿವಿಗೊಟ್ಟು ಕೇಳು. ಅಲ್ಲಿ ಪ್ರತಿ ವಾಕ್ಯದೊಳಗೂ ಒಬ್ಬ ಮನುಷ್ಯ ಇರುತ್ತಾನೆ, ಒಂದು ಅಳತೆ ಇರುತ್ತದೆ, ಒಂದು ದಿನ ಇರುತ್ತದೆ. ಯಾರು ಹಾಸು ಹೂಡಿದರು, ಎಷ್ಟು ಮೊಳ, ಯಾವ ಸಂತೆಯ ಹೊತ್ತಿಗೆ ಕೊಡುತ್ತಾರೆ. ಈ ಮೂರರಲ್ಲಿ ಒಂದು ಬಿಟ್ಟರೂ ಕೇಳುವವನು ತಡೆದು ಕೇಳುತ್ತಾನೆ. ಈಗ ರೇಡಿಯೊದ ರಾಜಕೀಯ ಮಾತಿಗೆ ಬಾ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ವರದಿಯನ್ನು ಪರಿಶೀಲಿಸಲಾಗುತ್ತಿದೆ. ನೇಕಾರರ ಹಿತ ಕಾಪಾಡಲು ಆದ್ಯತೆ ನೀಡಲಾಗುವುದು. ಕ್ರಿಯಾಪದ ಇದೆ, ಕ್ರಿಯೆ ಮಾಡುವವನು ಎಲ್ಲಿ? ಕಚೇರಿಯ ಕಡತದಲ್ಲಿ ಹುಟ್ಟಿದ ಈ ವಾಕ್ಯರಚನೆ ವಾರ್ತೆಯ ಮೂಲಕ ಮನೆಮನೆಗೆ ಬಂತು, ವಾರ್ತೆಯಿಂದ ವೇದಿಕೆಗೆ ಹೋಯಿತು, ಈಗ ಪಂಚಾಯ್ತಿ ಸದಸ್ಯನೂ ಚರಂಡಿಯ ವಿಷಯ ಬಂದಾಗ ಅದನ್ನೇ ಬಳಸುತ್ತಾನೆ. ಈ ನಾಲ್ಕು ತಾಲ್ಲೂಕುಗಳ ಅಡುಗೆಮನೆಯಲ್ಲಾಗಲಿ ಹೊಲದಲ್ಲಾಗಲಿ ಒಬ್ಬರೂ ಹಾಗೆ ಮಾತಾಡುವುದಿಲ್ಲ. ರೊಟ್ಟಿ ಬಡಿಯಲಾಗುವುದು ಎಂದು ಯಾವ ಮನೆಯಲ್ಲಾದರೂ ಹೇಳುತ್ತಾರೆಯೇ? ಹೇಳಿದರೆ ಅಂದು ರಾತ್ರಿ ಉಪವಾಸ ಎಂದೇ ತಿಳಿಯಬೇಕು. ನೇಕಾರ ಸೀರೆ ನೇಯಲಾಗುವುದು ಎಂದರೆ ವ್ಯಾಪಾರಿ ಮುಂಗಡ ಕೊಡುವುದಿಲ್ಲ. ನಾವು ಮಾತ್ರ ಅದೇ ಮಾತಿಗೆ ಐದು ವರ್ಷದ ಮುಂಗಡ ಕೊಟ್ಟು ಬರುತ್ತೇವೆ.

— ಎರಡು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಒಂದು, ನೀವು ರೇಡಿಯೊ ಕನ್ನಡದಾಗನ ರೇಡಿಯೊನ್ನ ಬೈಯಾಕ ಹತ್ತೀರಿ. ಇನ್ನೊಂದು, 2019ರ ಆಗಸ್ಟಿನಾಗ ಮಲಪ್ರಭಾ ಉಕ್ಕಿ ರಾಮದುರ್ಗದ ಮನಿಮನಿ ಹೊಕ್ಕಾಗ ನಮಗ ಬೇಕಾಗಿದ್ದು ಯಾವ ಸುದ್ದಿ? ನವಿಲುತೀರ್ಥದ ಡ್ಯಾಮಿನಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಅನ್ನೂದು. ಅದರಾಗೂ ಮಾಡಿದಾವ ಕಾಣೂದಿಲ್ಲ. ಆದ್ರ ಆ ಮಾತು ಸುಳ್ಳಲ್ಲ, ಬೇಕಾದ ಮಾತು. ಹಂಗ ನೋಡಿದ್ರ, ನಾನ ಮಾಡತೀನಿ, ನಾಳೆನ ಮಾಡತೀನಿ ಅಂತ ಎದಿ ತಟ್ಟಿ ಹೇಳಿದಾವ್ರು ಏನ ಮಾಡ್ಯಾರ? ವ್ಯಾಕರಣ ತಿದ್ದಿದ್ರ ಮನಸ್ಯಾ ತಿದ್ದತಾನೇನ್ರಿ?

— ಮೊದಲನೆಯದಕ್ಕೆ ಉತ್ತರವಿಲ್ಲ. ಬರೆದು ಬರೆದು ನಾಲಿಗೆಗೆ ಈ ರೂಢಿ ಬಿದ್ದಿದೆ. ಎರಡನೆಯದು ಸರಿಯಾದ ಪೆಟ್ಟು. ನೆರೆಯ ಸುದ್ದಿ ನಮಗೆ ನಂಬಿಕೆಯ ಮಾತಾದದ್ದು ಯಾಕೆ? ಕರ್ತೃ ಮರೆಯಾಗಿದ್ದರೂ ಸಂಖ್ಯೆ ಇತ್ತು, ಹೊತ್ತು ಇತ್ತು, ಮತ್ತು ನೀರು ಕೆಲವೇ ಗಂಟೆಗಳಲ್ಲಿ ಹೊಳೆಯಂಚಿಗೆ ಬಂದು ಆ ಸಂಖ್ಯೆಗೆ ಸಾಕ್ಷಿ ಹೇಳುತ್ತಿತ್ತು. ಅಂದಮೇಲೆ ನಂಬಿಕೆ ವಾಕ್ಯದೊಳಗೆ ಹುಟ್ಟುವುದಿಲ್ಲ, ವಾಕ್ಯಕ್ಕೆ ಹೊರಗಿನಿಂದ ಬರುವ ಉತ್ತರದಲ್ಲಿ ಹುಟ್ಟುತ್ತದೆ. ಕಸಬಿಗೂ ಹಾಗೆಯೇ. ನೇಕಾರ ಪ್ರಾಮಾಣಿಕ ಎಂದು ನಾವು ಹೇಳುವುದು ಅವನು ದೇವರಂಥ ಮನುಷ್ಯ ಎಂದಲ್ಲ. ದಡಿ ಸೊಟ್ಟಾದ ಸೀರೆ ವಾರದೊಳಗೆ ತಿರುಗಿ ಅವನ ಮಗ್ಗದ ಮುಂದೆ ಬಂದು ಬೀಳುತ್ತದೆ, ಅದಕ್ಕೆ. ರಾಜಕೀಯದ ಮಾತು ತಿರುಗಿ ಬರುವುದು ಐದು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಆಡಿದವನು ಪಕ್ಷ ಬದಲಿಸಿರುತ್ತಾನೆ, ಕೇಳಿದವನು ಮರೆತಿರುತ್ತಾನೆ. ಆದ್ದರಿಂದ ವ್ಯಾಕರಣದ ತಕರಾರನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡು ಹೀಗೆ ತಿದ್ದುತ್ತೇನೆ: ಮಾತಿಗೆ ಅಳತೆ ತರುವುದು ಎದುರಿಗೆ ನಿಂತು, ಅದೇ ಹೊತ್ತಿನಲ್ಲಿ, ಅದೇ ಕಟ್ಟಳೆಯೊಳಗೆ ಉತ್ತರ ಕೊಡುವ ಇನ್ನೊಂದು ದನಿ. ನಮ್ಮ ರೇಡಿಯೊದಲ್ಲಿ ಇಲ್ಲದ್ದು ಅದು. ನಮ್ಮ ಊರುಗಳಲ್ಲಿ ಬಹಳ ಹಿಂದಿನಿಂದ ಇದ್ದದ್ದೂ ಅದೇ.

— ಎಲ್ಲೈತ್ರಿ? ಕಟ್ಟಿ ಮ್ಯಾಲಿನ ಜಗಳ ಲೆಕ್ಕಕ್ಕ ಹಿಡೀಬ್ಯಾಡ್ರಿ ಮತ್ತ.

— ಕಟ್ಟೆಯ ಜಗಳಕ್ಕೆ ಕಟ್ಟಳೆ ಇಲ್ಲ, ಅದನ್ನು ಬಿಡು. ಹರದೇಶಿ-ನಾಗೇಶಿ ಅಂದರೆ? ಜಾತ್ರೆಯ ರಾತ್ರಿ ಎರಡು ಗೀಗೀ ಮೇಳ ಎದುರಾಬದುರು ನಿಲ್ಲುತ್ತವೆ. ತುರಾಯಿ ಪಂಗಡದ ಹರದೇಶಿ ಮೇಳದವರು ಶಿವ ದೊಡ್ಡವನು, ಗಂಡು ಹೆಚ್ಚು ಎಂದು ಹಾಡುತ್ತಾರೆ. ಕಲ್ಗಿ ಪಂಗಡದ ನಾಗೇಶಿ ಮೇಳದ ಹೆಣ್ಣುಮಕ್ಕಳು ಶಕ್ತಿ ಇಲ್ಲದೆ ನಿನ್ನ ಶಿವ ಏನು ಮಾಡಿಯಾನು ಎಂದು ಮರುಪದ ಎತ್ತುತ್ತಾರೆ. ದಪ್ಪು, ತುಂತುಣಿ, ತಾಳ. ಇದರ ಕಟ್ಟಳೆಯನ್ನು ಗಮನಿಸು. ಎದುರಿನ ಮೇಳ ಹಾಕಿದ ಸವಾಲನ್ನು ಕೇಳಿಸಲೇ ಇಲ್ಲ ಎಂಬಂತೆ ದಾಟಿ ಹೋಗುವಂತಿಲ್ಲ. ಯಾವ ಧಾಟಿಯಲ್ಲಿ ಸವಾಲು ಬಂತೋ ಅದಕ್ಕೆ ಹೊಂದಿಸಿ ಜವಾಬು ಕಟ್ಟಬೇಕು. ಹೊಂದದಿದ್ದರೆ ಮುಂದೆ ಕೂತ ಮಂದಿಯೇ ಹಿಡಿಯುತ್ತಾರೆ, ಯಾಕೆಂದರೆ ಅವರಿಗೆ ಧಾಟಿ ಗೊತ್ತು, ಕಥೆ ಗೊತ್ತು, ಪುರಾಣವೂ ಗೊತ್ತು. ಗೆಲ್ಲುವುದಕ್ಕೆ ಗಟ್ಟಿ ಗಂಟಲು ಬೇಕು, ಆದರೆ ಗಂಟಲೊಂದೇ ಸಾಲದು. ನಮ್ಮ ಟೀವಿ ಚರ್ಚೆಗೂ ಇದಕ್ಕೂ ಇರುವ ಅಂತರ ಅಷ್ಟೇ. ಬಹಳ ದೊಡ್ಡ ಅಂತರ.

— ಆದ್ರ ಅವರು ಹಾಡೂದು ಶಿವ-ಶಕ್ತಿ ಸುದ್ದಿ. ರಾಜಕೀಯ ಎಲ್ಲಿಂದ ಬಂತು ಅದರಾಗ?

— ರಾಜಕೀಯವೇ ತುಂಬಿತ್ತಲ್ಲೋ. ಶಾಸನ ಓದುವುದರಲ್ಲಿ ಹೆಸರಾದ ಜೆ.ಎಫ್. ಫ್ಲೀಟ್ ಸಾಹೇಬ 1880ರ ದಶಕದಲ್ಲಿ ನಮ್ಮ ಕಡೆಯ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಪದ ಇದೆ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಅವನನ್ನು ಕೊಂದ ಸರಕಾರದ ಅಧಿಕಾರಿಗೇ ಅರ್ಧ ಶತಮಾನದ ಮೇಲೆ ಅವನ ಪದ ಹಾಡಿಬರೆಸುವ ಮಂದಿ ಇಲ್ಲಿದ್ದರು ಅಂದಮೇಲೆ ಆ ಪದದ ಬಾಳಿಕೆ ನೋಡು. ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿ ಬೇಡರ ಲಾವಣಿ ಇದೆ. ಇನ್ನೊಂದನ್ನಂತೂ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ: ಆದಾಯ ತೆರಿಗೆ ಹೇರಿದ್ದರ ಮೇಲೊಂದು ಲಾವಣಿ! ಈ ದೇಶಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. ಇಂದು ಬಜೆಟ್ ದಿನ ಟೀವಿಯಲ್ಲಿ ಕೋಟು ಹಾಕಿ ಕೂತು ಮಾಡುವ ವಿಶ್ಲೇಷಣೆಯನ್ನು ಅಂದು ದಪ್ಪು ಬಾರಿಸಿ ಮಾಡಿದ್ದಾರೆ, ಪ್ರಾಸ ಸಮೇತ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಬಂದರೆ ರಾಮದುರ್ಗ ತಾಲ್ಲೂಕಿನ ಹುಲಕುಂದವೇ ಇದೆ. ಅಲ್ಲಿಯ ಭೀಮಕವಿ ಮತ್ತು ಸಂಗಡಿಗರು ಗೀಗೀ ಪದವನ್ನು ನೇರ ರಾಜಕೀಯಕ್ಕೆ ತಿರುಗಿಸಿದರು. ಮೈಕು ಇಲ್ಲ, ಪರವಾನಗಿ ಇಲ್ಲ, ತರಂಗಾಂತರ ಇಲ್ಲ, ಆದರೂ ಪದ ಊರಿಂದೂರಿಗೆ ಹೋಯಿತು.

ಕಟ್ಟಿದವರು ಯಾರು ಎಂಬುದನ್ನೂ ನೋಡಬೇಕು. ಬೈಲಹೊಂಗಲದಲ್ಲಿ ನಡೆದ ಪ್ರೀತಿ, ಮೋಸ, ಕೊಲೆಯ ಕಥೆ 'ಸಂಗ್ಯಾ ಬಾಳ್ಯಾ' ಸಣ್ಣಾಟವಾಯಿತು. ಕಟ್ಟಿದವರು ಅದೇ ಊರಿನ ಪತ್ತಾರ ಮಾಸ್ತರ ಎಂದು ಹೆಸರಾದವರು. ಪತ್ತಾರ ಅಂದರೆ ಗುಂಜಿಯ ತೂಕದಲ್ಲಿ ಲೆಕ್ಕ ಹೇಳುವ ಮನೆತನ. ಸವದತ್ತಿ ತಾಲ್ಲೂಕಿನ ಸಿರಸಂಗಿಯ ಕಾಳಮ್ಮನಿಗೆ ನಡೆದುಕೊಳ್ಳುವ ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಪತ್ತಾರರ ಲೋಕದಲ್ಲಿ ಕೈಯ ಅಳತೆಯೂ ನಾಲಿಗೆಯ ಅಳತೆಯೂ ಒಂದೇ ಮನೆಯಲ್ಲಿ ಬೆಳೆದವು. ಇದು ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ.

— ಹಾಡಿ ಹೊಗಳಿದಿರಿ, ಆತು. ಇನ್ನೊಂದ ಮಗ್ಗಲಾನೂ ಹೇಳ್ರಿ. ರಾತ್ರಿ ಎರಡು ಹೊಡದ ಮ್ಯಾಲ ಹರದೇಶಿ-ನಾಗೇಶಿಯೊಳಗ ಏನೇನ ಬೈಗಳ ಬರತಾವ ಗೊತ್ತಿಲ್ಲೇನು? ಮಂದಿ ಸಿಳ್ಳಿ ಹಾಕೂದೂ ಆವಾಗನ, ರೊಕ್ಕ ಹಚ್ಚೂದೂ ಆವಾಗನ. ಉತ್ತರ ಕೊಡಾವ ಇದ್ದಮಾತ್ರಕ್ಕ ಮಾತು ಸುದ್ದ ಆಗತೈತಿ ಅನ್ನೂದು ಸುಳ್ಳ. ಇಬ್ಬರಿದ್ರ ಹೊಲಸು ಎರಡರಷ್ಟು ಆಗತೈತಿ. ಟೀವಿಯೊಳಗ ಎಂಟು ಮಂದಿ ಇರತಾರ, ಎಂಟರಷ್ಟು.

— ಖರೆ. ಹೊಲಸು ಬರುತ್ತದೆ, ಮಂದಿಗೆ ಅದು ಸೇರುತ್ತದೆ ಕೂಡ. ಇಲ್ಲ ಎಂದು ನಾನು ಸಂಸ್ಕೃತಿ ಇಲಾಖೆಯ ಹಾಗೆ ನಟಿಸುವುದಿಲ್ಲ. ಆದರೆ ಅಲ್ಲಿ ಬೈಗಳಕ್ಕೂ ಪ್ರಾಸ ಹುಡುಕಬೇಕು, ಮತ್ತು ಎದುರಿನವಳು ಪದ ಎತ್ತಿದಾಗ ಇವನು ಬಾಯಿ ಮುಚ್ಚಿ ನಿಲ್ಲಬೇಕು. ಬಿಗಿಯಾದ ಕಟ್ಟಳೆ ಏನು ಮಾಡುತ್ತದೆ ಎಂಬುದನ್ನು ಚಕ್ಕಡಿಯ ಗಾಲಿ ಮಾಡುವವರು ಬಲ್ಲರು. ಮರದ ಗಾಲಿಗೆ ಹಾಕುವ ಕಬ್ಬಿಣದ ಹಳಿಯನ್ನು ಕಮ್ಮಾರ ಗಾಲಿಗಿಂತ ತುಸು ಚಿಕ್ಕದಾಗಿಯೇ ಬೆಸೆಯುತ್ತಾನೆ. ಸುತ್ತ ಬೆಂಕಿ ಹಾಕಿ ಕೆಂಪಗೆ ಕಾಯಿಸಿದಾಗ ಹಳಿ ಹಿಗ್ಗುತ್ತದೆ, ಆಗ ಇಕ್ಕಳದಲ್ಲಿ ಹಿಡಿದು ಗಾಲಿಗೆ ಏರಿಸಿ ನೀರು ಸುರಿದರೆ ಕುಗ್ಗಿ, ಮರದ ಒಂದೊಂದು ತುಂಡನ್ನೂ ಒಳಕ್ಕೆ ಒತ್ತಿ ಹಿಡಿಯುತ್ತದೆ. ಹಳಿ ಸರಿಯಾಗಿ ಗಾಲಿಯಷ್ಟೇ ಇದ್ದಿದ್ದರೆ ಎರಡು ಹರದಾರಿ ಹೋಗುವಷ್ಟರಲ್ಲಿ ಕಳಚಿ ಬೀಳುತ್ತಿತ್ತು. ಟೀವಿಯ ಎಂಟು ಮಂದಿಗೆ ಇಂಥ ಹಳಿ ಇಲ್ಲ. ಅವರು ಪರಸ್ಪರ ಉತ್ತರಿಸುತ್ತಿಲ್ಲ, ಒಂದೇ ಹೊತ್ತಿಗೆ ಎಂಟು ಸ್ವಗತ ನಡೆಸುತ್ತಿದ್ದಾರೆ. ರೇಡಿಯೊಕ್ಕೆ ಇಲ್ಲೊಂದು ಅನುಕೂಲ ಹುಟ್ಟಿನಿಂದಲೇ ಬಂದಿದೆ: ಇಬ್ಬರು ಒಟ್ಟಿಗೆ ಕೂಗಿದರೆ ಅಲ್ಲಿ ಏನೂ ತಿಳಿಯುವುದಿಲ್ಲ. ಮುಖ ಕಾಣದ ಮಾಧ್ಯಮದಲ್ಲಿ ಸರದಿ ಕಾಯುವುದು ಬರೀ ಸಭ್ಯತೆಯಲ್ಲ, ಗತ್ಯಂತರವಿಲ್ಲದ ಮಾತು.

— ಹಂಗಂತ ರೇಡಿಯೊ ಬಾಯಿ ಬಿಚ್ಚಿದ್ರ ಏನ ಆಗತೈತಿ ಅಂತ ಜಗತ್ತ ನೋಡೈತಿ. ಅಮೇರಿಕಾದಾಗ ರೇಡಿಯೊದಾವ್ರು ದಿನಾ ಮೂರ ಮೂರ ತಾಸು ಸಿಟ್ಟ ಮಾರಿಕೊಂಡು ಕೋಟ್ಯಧೀಶರಾದ್ರು. ರುವಾಂಡಾದಾಗ ಏನಾತು? ನಮ್ಮ ಸರಕಾರ ಹೆದರಿದ್ರ ತಪ್ಪೇನು?

— ಎರಡೂ ನಿಜವಾದ ಉದಾಹರಣೆಗಳು, ಎರಡನ್ನೂ ಬಿಚ್ಚಿ ನೋಡೋಣ. ಅಮೆರಿಕದಲ್ಲಿ 1949ರಿಂದ ಒಂದು ನಿಯಮ ಇತ್ತು. ವಿವಾದದ ವಿಷಯ ಎತ್ತಿದ ಬಾನುಲಿ ಕೇಂದ್ರ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. ಅದನ್ನು ತೆಗೆದುಹಾಕಿದ್ದು 1987ರಲ್ಲಿ. ರಶ್ ಲಿಂಬಾ ಎಂಬಾತನ ಕಾರ್ಯಕ್ರಮ ದೇಶದ ತುಂಬ ಹಬ್ಬತೊಡಗಿದ್ದು 1988ರಲ್ಲಿ. ಆ ನಿಯಮ ಹೋದದ್ದೊಂದೇ ಕಾರಣ ಎನ್ನಲಾರೆ. ಸಂಗೀತವೆಲ್ಲ ಎಫ್‌ಎಂಗೆ ಓಡಿಹೋಗಿ ಹಳೆಯ ಎಎಂ ಕೇಂದ್ರಗಳು ಖಾಲಿ ಬಿದ್ದಿದ್ದವು, ಅವಕ್ಕೆ ಅಗ್ಗದ ಮಾತು ಬೇಕಿತ್ತು. ಆದರೂ ನಾಗೇಶಿ ಮೇಳವನ್ನು ಮನೆಗೆ ಕಳಿಸಿದ ಮೇಲೆ ಹರದೇಶಿ ರಾತ್ರಿಯಿಡೀ ಹಾಡಿದ್ದರಲ್ಲಿ ಸೋಜಿಗವಿಲ್ಲ. ರುವಾಂಡಾದ ಆರ್‌ಟಿಎಲ್‌ಎಂ 1993ರಲ್ಲಿ ಶುರುವಾಗಿ 1994ರ ನರಮೇಧದಲ್ಲಿ ಕೊಲ್ಲಬೇಕಾದವರ ಹೆಸರು ಹೇಳುವ ಮಟ್ಟಕ್ಕೆ ಹೋಯಿತು. ಅದನ್ನು ನಡೆಸಿದವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. ಅಲ್ಲಿ ಆಳುವವರ ಆಪ್ತರ ಕೈಯಲ್ಲಿ ಮೈಕು ಇತ್ತು, ಎದುರು ದನಿಗೆ ಜಾಗ ಇರಲಿಲ್ಲ. ಇವೆರಡೂ ನನ್ನ ವಾದಕ್ಕೆ ಎದುರಲ್ಲ, ನನ್ನ ಕಡೆಯ ಸಾಕ್ಷಿಗಳು.

ನಾವು ಹಿಡಿದ ದಾರಿ ಮೂರನೆಯದು: ಬಾಯಿಗೆ ಬಟ್ಟೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈ 3ರಂದು ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಹಾಡು ಹಾಕಬಹುದು, ಹರಟೆ ಹೊಡೆಯಬಹುದು, ಸ್ವಂತ ಸುದ್ದಿ ಮಾತ್ರ ಹೇಳಬಾರದು. ಮುಂದೆ ಆಕಾಶವಾಣಿಯ ವಾರ್ತೆಯನ್ನು ಅಕ್ಷರ ಬದಲಿಸದೆ ಬಿತ್ತರಿಸಲು ಒಪ್ಪಿಗೆ ಸಿಕ್ಕಿತು. ಪ್ರತಿ ಗಂಟೆಗೆ ಹತ್ತು ನಿಮಿಷದ ಮಿತಿಯಲ್ಲಿ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿದ್ದು 2023ರಲ್ಲಿ. ಬಾನಿನ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸ್ವತ್ತು ನಮ್ಮದು, ಅದರಲ್ಲಿ ಸಿನಿಮಾ ಹಾಡು ಕೇಳಲು ನಾವು ಸ್ವತಂತ್ರರು! ಸಮುದಾಯ ಬಾನುಲಿ ಎಂಬುದೊಂದಿದೆ, ಒಳ್ಳೆಯ ಕಲ್ಪನೆ. ಬೆಳಗಾವಿಯಲ್ಲಿ ಕೆಎಲ್ಇಯವರ ವೇಣುಧ್ವನಿ ಇದೆ. ಆದರೆ ಇಂಥ ಕೇಂದ್ರಗಳಿಗೆ ಕೊಡುವುದು 100 ವಾಟ್ ಪ್ರಸಾರ ಶಕ್ತಿ, 30 ಮೀಟರ್ ಎತ್ತರದ ಕಂಬ. ಆ ದನಿ ಹತ್ತು-ಹನ್ನೆರಡು ಕಿಲೋಮೀಟರ್ ನಡೆದು ದಣಿಯುತ್ತದೆ. ಬೈಲಹೊಂಗಲ ಅಲ್ಲಿಂದ ನಲವತ್ತು ಕಿಲೋಮೀಟರಿಗೂ ಆಚೆ.

— ಆದ್ರ ಆಕಾಶವಾಣಿಯೊಳಗ ಚುನಾವಣಿ ಬಂದಾಗ ಮಾನ್ಯತೆ ಇದ್ದ ಎಲ್ಲಾ ಪಕ್ಷದಾವ್ರಿಗೂ ವ್ಯಾಳ್ಯಾ ಕೊಡತಾರ. ಪುಕಟ ಕೊಡತಾರ. ಅದಕ್ಕಿಂತ ನ್ಯಾಯ ಬೇಕೇನ್ರಿ?

— ಕೊಡುತ್ತಾರೆ. ಇಷ್ಟು ಸಮದೃಷ್ಟಿ ಎಷ್ಟೋ ದೇಶಗಳಲ್ಲಿ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ನಡೆಯುವುದೇನು? ಪಕ್ಷದವರು ಮೊದಲೇ ಬರೆದು, ಒಪ್ಪಿಗೆ ಪಡೆದು, ಓದಿ ಹೋಗುತ್ತಾರೆ. ಒಬ್ಬರು ಓದಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದಿಲ್ಲ. ಇದು ನ್ಯಾಯ ಹೌದು, ಸಂವಾದ ಅಲ್ಲ. ಉಳಿದ ದಿನಗಳಲ್ಲಿ ಆಕಾಶವಾಣಿಯ ಸಂಹಿತೆ ಇದೆ: ಪಕ್ಷದ ಹೆಸರು ಹಿಡಿದು ದಾಳಿ ಮಾಡಬಾರದು, ಕೇಂದ್ರವನ್ನಾಗಲಿ ರಾಜ್ಯವನ್ನಾಗಲಿ ಹಗೆಯಿಂದ ಟೀಕಿಸಬಾರದು. ಉದ್ದೇಶ ಒಳ್ಳೆಯದೇ. ಆದರೆ ಹೆಸರು ಹಿಡಿಯದೆ ಜವಾಬು ಕೇಳುವುದು ಯಾರನ್ನು? ಇನ್ನು 2014ರ ಅಕ್ಟೋಬರ್ 3ರಿಂದ ತಿಂಗಳಿಗೊಮ್ಮೆ ಪ್ರಧಾನಮಂತ್ರಿಗಳ ಮಾತು ಬರುತ್ತದೆ, ಕನ್ನಡದಲ್ಲೂ ಬರುತ್ತದೆ. ಅದು ರೇಡಿಯೊಕ್ಕೆ ಮರುಜೀವ ಕೊಟ್ಟಿತು ಎನ್ನುವವರಿದ್ದಾರೆ. ಊರೂರಿನ ಕಸಬುದಾರರ ಸುದ್ದಿಯೂ ಅದರಲ್ಲಿ ಬರುತ್ತದೆ. ಆದರೆ ಕೇಳುಗರ ಯಾವ ಪತ್ರ ಓದಬೇಕು ಎಂಬುದು ಉತ್ತರಿಸುವವರದೇ ಆಯ್ಕೆ. ಯಾವ ಪಕ್ಷದವರು ಆ ಕುರ್ಚಿಯಲ್ಲಿ ಕೂತರೂ ನನ್ನ ಆಕ್ಷೇಪ ಇದೇ ಇರುತ್ತದೆ. 1933ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ರೇಡಿಯೊದಲ್ಲಿ ಮನೆಮಂದಿಯ ಹಾಗೆ ಮಾತಾಡತೊಡಗಿದಾಗಲೂ ಎದುರು ಕೂತು ಪ್ರಶ್ನೆ ಕೇಳುವವರು ಇರಲಿಲ್ಲ. ಎಷ್ಟು ಮಧುರವಾಗಿದ್ದರೂ ಅದು ಒಂದೇ ಮೇಳದ ಹಾಡಿಕೆ.

— ವಾಟ್ಸಾಪಿನಾಗ ಎಲ್ಲಾರೂ ಉತ್ತರ ಕೊಡತಾರಲ್ಲ. ಮತ್ತ್ಯಾಕ ರೇಡಿಯೊದ ಬೆನ್ನ ಹತ್ತೀರಿ?

— ಅಲ್ಲಿ ಒಂದೇ ಮನಸ್ಸಿನವರು ಗುಂಪು ಮಾಡಿಕೊಂಡಿರುತ್ತಾರೆ. ಎದುರು ಮಾತಾಡಿದವನನ್ನು ಅಡ್ಮಿನ್ ತೆಗೆದುಹಾಕುತ್ತಾನೆ. ಮುಗಿಯಿತು.

— ಆತು, ಒಪ್ಪಿದೆ. ಆದ್ರ ನಿಮ್ಮ ಹರದೇಶಿ-ನಾಗೇಶಿನ ರೇಡಿಯೊದಾಗ ತರೂದು ಹ್ಯಾಂಗ? ಮಂತ್ರಿಗೆ ತುಂತುಣಿ ಕೊಟ್ಟು ಹಾಡಾಕ ಹಚ್ಚತೀರೇನು?

— ಕೆಲವರಿಗೆ ಕೊಡಬಹುದು, ಹಾಡಲು ಆಸೆ ಇದ್ದವರು ಬಹಳ ಮಂದಿ ಇದ್ದಾರೆ! ತಮಾಷೆ ಬಿಡು. ಬೇಕಾದ್ದು ಹಾಡಲ್ಲ, ಆ ಕಟ್ಟಳೆ. ಇಂಗ್ಲೆಂಡಿನಲ್ಲಿ ಬಿಬಿಸಿ 1948ರಿಂದ 'ಎನಿ ಕ್ವೆಶ್ಚನ್ಸ್?' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಊರಿಂದೂರಿಗೆ ಹೋಗಿ, ಅಲ್ಲಿಯ ಸಭಾಂಗಣದಲ್ಲಿ ಕೂತು, ಊರವರು ಕೇಳಿದ ಪ್ರಶ್ನೆಗೆ ಬೇರೆ ಬೇರೆ ಪಕ್ಷದವರು ಅಲ್ಲೇ ಉತ್ತರಿಸಬೇಕು. ಕೇಳುಗರ ಮರುಮಾತಿಗೆಂದೇ 1955ರಲ್ಲಿ 'ಎನಿ ಆನ್ಸರ್ಸ್?' ಎಂದು ಇನ್ನೊಂದು ಕಾರ್ಯಕ್ರಮ ಕಟ್ಟಿದರು. ಅವರಿಗೆ ಅದು ಸಾಧ್ಯವಾದರೆ, ಸವಾಲು-ಜವಾಬಿನ ಜಾತ್ರೆ ಮಾಡುತ್ತ ಬಂದ ನಮಗೆ ಆಗದೆ? ನಮ್ಮ ಕಾಯ್ದೆಯಲ್ಲೂ ಕಿಂಡಿ ಇದೆ. ಚುನಾವಣಾ ಕಾಲದ ಉಚಿತ ಪ್ರಸಾರದ ಏರ್ಪಾಡಿನಲ್ಲಿ ಮಾನ್ಯತೆ ಪಡೆದ ಪಕ್ಷಗಳ ಪ್ರತಿನಿಧಿಗಳನ್ನು ಕೂಡಿಸಿ ಒಂದೆರಡು ಚರ್ಚೆ ನಡೆಸಬಹುದು ಎಂದೂ ಬರೆದಿದ್ದಾರೆ. ಆ ಕಿಂಡಿಯನ್ನು ಬಾಗಿಲು ಮಾಡಬೇಕು. ಧಾರವಾಡ ಕೇಂದ್ರ ಒಂದು ಕಾಲಕ್ಕೆ ಬೇಂದ್ರೆಯವರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡಿದ್ದ ಕೇಂದ್ರ. ಈ ಕಡೆಯ ಮಾತಿನ ಲಯ ಅದಕ್ಕೆ ಹೊಸತಲ್ಲ. ಒಂದು ತಿಂಗಳು ಬೈಲಹೊಂಗಲ, ಇನ್ನೊಂದು ತಿಂಗಳು ಕಿತ್ತೂರು, ಆಮೇಲೆ ಸವದತ್ತಿ, ರಾಮದುರ್ಗ. ಕಿತ್ತೂರಲ್ಲಿ ಅಕ್ಟೋಬರ್ ಉತ್ಸವದ ಮೂರು ದಿನ ಬಿಟ್ಟು ಬೇರೆ ದಿನ ಇಡಬೇಕು, ಆ ಮೂರು ದಿನ ಚನ್ನಮ್ಮನ ಹೆಸರಲ್ಲಿ ಭಾಷಣ ಮಾಡುವವರಿಗೆ ಬೇರೆ ಪ್ರಶ್ನೆ ಕೇಳಿಸುವುದಿಲ್ಲ. ಅಧಿಕಾರದಲ್ಲಿದ್ದವರು ಒಂದು ಮೇಳ, ಇಲ್ಲದವರು ಇನ್ನೊಂದು ಮೇಳ. ಸವಾಲು ಹಾಕುವವರು ಮಗ್ಗದವರು, ಕುಲುಮೆಯವರು, ಹೊಲದವರು. ಸವಾಲಿಗೆ ನಿಮಿಷ, ಜವಾಬಿಗೆ ಎರಡು ನಿಮಿಷ. ಜವಾಬಿನಲ್ಲಿ ಯಾರು, ಎಷ್ಟು, ಎಂದು ಎಂಬ ಮೂರೂ ಬಾರದಿದ್ದರೆ ಅದೇ ಸವಾಲು ಮತ್ತೊಮ್ಮೆ.

— ಒಂದ ಸವಾಲ ಹಾಕಿ ತೋರಸ್ರಿ, ನೋಡೂಣು.

— ಮಲಪ್ರಭೆಯದೇ ತೆಗೆದುಕೋ. ನವಿಲುತೀರ್ಥದ ಅಣೆಕಟ್ಟು ಮುಗಿದದ್ದು 1972ರಲ್ಲಿ, ಅದರ ಹೊಟ್ಟೆ 37.73 ಟಿಎಂಸಿ ಹಿಡಿಯುತ್ತದೆ, ಎಷ್ಟೋ ವರ್ಷ ತುಂಬುವುದಿಲ್ಲ. ಮಹದಾಯಿಯ ನೀರು ಇತ್ತ ತಿರುಗಿಸಿ ಎಂದು 2015ರಲ್ಲಿ ನರಗುಂದ, ನವಲಗುಂದದ ರೈತರು ಧರಣಿ ಕೂತರು. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು, 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ಟಿಗೆ ಬಂತು, ಆ ನೀರು ತಿರುಗಿಸುವ ಕಳಸಾ ಬಂಡೂರಿಯ ಯೋಜನಾ ವರದಿಗೆ 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿತು. ಈ ಅವಧಿಯಲ್ಲಿ ಬೆಂಗಳೂರಿನಲ್ಲೂ ದಿಲ್ಲಿಯಲ್ಲೂ ಗೋವಾದಲ್ಲೂ ಯಾವ ಯಾವ ಪಕ್ಷದವರು ಇದ್ದರು ಎಂದು ಎಲ್ಲರಿಗೂ ಗೊತ್ತು, ಒಬ್ಬರೂ ಪೂರ್ತಿ ಹೊರಗಿನವರಲ್ಲ. ಸವದತ್ತಿಯ ಹೊಲದವನ ಸವಾಲು ಹೀಗಿರಲಿ: ಈ ಕೆಲಸದಲ್ಲಿ ಈಗ ಬಾಕಿ ಇರುವ ಸಹಿ ಯಾವುದು, ಅದು ಯಾರ ಮೇಜಿನ ಮೇಲಿದೆ, ಅದನ್ನು ಪಡೆಯಲು ಹೋದ ತಿಂಗಳು ನೀನು ಏನು ಮಾಡಿದೆ? ಇದರಲ್ಲಿ ಬೈಗಳ ಇಲ್ಲ, ಹಗೆ ಇಲ್ಲ, ಸಂಹಿತೆಯನ್ನು ದಾಟಬೇಕಾದ ಗರಜೂ ಇಲ್ಲ. ಜವಾಬು ಕೊಡುವವನಿಗೆ ಮಾತ್ರ ಬೆವರು ಬರುತ್ತದೆ.

— ಜವಾಬ ಕೊಡಾಕ ಅವರು ಬರೂದನ ಇಲ್ಲಂದ್ರ?

— ಬರದಿದ್ದರೆ ಅವರ ಎರಡು ನಿಮಿಷ ಹಾಡಿಕೆಯ ಮೇಳದವರು ತುಂತುಣಿ ಬಾರಿಸಲಿ. ಊರಿಗೆ ತಿಳಿಯುತ್ತದೆ.

— ಮೇಳದಾವ್ರಿಗೆ ರೊಕ್ಕ?

— ಕೊಡಲೇಬೇಕು. ಪಕ್ಷಗಳಿಗೆ ಕೊಡುವ ಸಮಯ ಉಚಿತ ಇರಲಿ, ಹಾಡುವವರ ಕಸಬು ಉಚಿತವಲ್ಲ. ನೋಡು, ಆಕಾಶವಾಣಿಯಲ್ಲಿ ಸ್ವಂತ ಹೆಸರಿನಲ್ಲಿ ಹಾಡಬೇಕಾದರೆ ಕಲಾವಿದನಿಗೆ ಆಡಿಷನ್ ಇದೆ. ಪಾಸಾದರೆ ಬಿ, ಆಮೇಲೆ ಬಿ ಹೈ, ಎ, ಟಾಪ್ ಎಂದು ದರ್ಜೆ ಕೊಡುತ್ತಾರೆ, ಶ್ರುತಿ ತಪ್ಪಿದರೆ ಮತ್ತೆ ಬಾ ಎಂದು ಕಳಿಸುತ್ತಾರೆ. ಅದೇ ಮೈಕಿನ ಮುಂದೆ ನಾಡಿನ ಭವಿಷ್ಯ ಹೇಳಲು ಬರುವವನಿಗೆ ಆಡಿಷನ್ ಇಲ್ಲ.

— ಹಂಗಾದ್ರ ಅವರಿಗೂ ಒಂದು ಆಡಿಷನ್ ಇಟ್ಟುಬಿಡೂಣು. ಮೊದಲು ಯಾರನ್ನ ಕರಿಯೂಣು?

— ಅಕ್ಷರಮಾಲೆಯ ಕ್ರಮದಲ್ಲಿ ಕರೆ. ಇಲ್ಲದಿದ್ದರೆ ಅದಕ್ಕೊಂದು ತಕರಾರು ಎದ್ದು ಮೊದಲ ರಾತ್ರಿ ಅಲ್ಲೇ ಮುಗಿಯುತ್ತದೆ.